ಸರೀಸೃಪಗಳು: ಹೆಸರಿನ ಅರ್ಥವೂ ದೇಹದ ಲಕ್ಷಣವೂ

ಒಂದು ವಸ್ತುವಿನ ಸ್ವರೂಪವನ್ನು ನಿರ್ಣಯಿಸುವುದಕ್ಕೆ ನ್ಯಾಯಶಾಸ್ತ್ರವು ಮೂರು ಮೆಟ್ಟಿಲುಗಳನ್ನು ಹೇಳಿದೆ: ಉದ್ದೇಶ, ಲಕ್ಷಣ, ಪರೀಕ್ಷೆ. ವಸ್ತುವನ್ನು ಹೆಸರಿಸುವುದು ಉದ್ದೇಶ. ಮಿಕ್ಕವುಗಳಿಂದ ಅದನ್ನು ಬೇರ್ಪಡಿಸುವ ಧರ್ಮವನ್ನು ಹೇಳುವುದು ಲಕ್ಷಣ. ಹೇಳಿದ ಲಕ್ಷಣವು ಸಲ್ಲುವುದೇ ಇಲ್ಲವೇ ಎಂದು ವಿಚಾರಿಸುವುದು ಪರೀಕ್ಷೆ. ಹಾವು, ಹಲ್ಲಿ, ಆಮೆ, ಮೊಸಳೆಗಳನ್ನು ಒಳಗೊಂಡ ಸರೀಸೃಪವರ್ಗದ ವಿಷಯದಲ್ಲಿ ಲೋಕವು ಬಹುಕಾಲದಿಂದ ಮೊದಲನೆಯ ಮೆಟ್ಟಿಲಿನಲ್ಲಿಯೇ ನಿಂತುಬಿಟ್ಟಿದೆ ಎನ್ನಬೇಕು. ಹೆಸರು ಎಲ್ಲರಿಗೂ ಗೊತ್ತು; ಹೆಸರಿನೊಡನೆ ಬರುವ ಭಯವೂ ಗೊತ್ತು; ಲಕ್ಷಣವನ್ನು ಬಲ್ಲವರು ವಿರಳ. ಈ ಅಜ್ಞಾನಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ನಿರಪರಾಧಿಯಾದ ಪ್ರಾಣಿ ಕೋಲಿನ ಪೆಟ್ಟಿಗೆ ಸಾಯುವುದು ಒಂದು ಕಡೆ, ಉಳಿಯಬಹುದಾಗಿದ್ದ ಮನುಷ್ಯನು ಸಾಯುವುದು ಇನ್ನೊಂದು ಕಡೆ.

ಉದ್ದೇಶ: ಹೆಸರಿನ ವಿಚಾರ

‘ಸರೀಸೃಪ’ ಎಂಬುದು ‘ಸೃಪ್’ ಧಾತುವಿನಿಂದ ಹುಟ್ಟಿದ ಶಬ್ದ. ಸೃಪ್ ಎಂದರೆ ಹರಿದುಹೋಗುವುದು, ತೆವಳುವುದು. ಗಮನಾರ್ಥಕ ಧಾತುಗಳಿಗೆ ಯಙ್ ಪ್ರತ್ಯಯವು ಬಂದಾಗ ವಕ್ರಗತಿ ಎಂಬ ಅರ್ಥ ಒದಗುವುದೆಂದು ವ್ಯಾಕರಣದ ನಿಯಮ. ಆದುದರಿಂದ ಸರೀಸೃಪವೆಂದರೆ ಡೊಂಕುಡೊಂಕಾಗಿ ಹರಿಯುವುದು. ‘ಉರಗ’ವೆಂದರೆ ಎದೆಯಿಂದ ಚಲಿಸುವುದು; ‘ಭುಜಗ’ವೆಂದರೆ ಬಾಗಿಬಳುಕಿ ಹೋಗುವುದು; ‘ಪನ್ನಗ’ವೆಂದರೆ ಕಾಲಿನಿಂದ ನಡೆಯದ್ದು. ಅಮರಕೋಶದಲ್ಲಿ ಸರೀಸೃಪ ಶಬ್ದವು ಹಾವಿನ ಪರ್ಯಾಯನಾಮಗಳ ಸಾಲಿನಲ್ಲಿಯೇ ನಿಂತಿದೆ. ಪಾಶ್ಚಾತ್ಯರು ಈ ವರ್ಗಕ್ಕೆ ಇಟ್ಟ ‘ರೆಪ್ಟೈಲ್’ ಎಂಬ ಹೆಸರೂ ತೆವಳು ಎಂಬರ್ಥದ ಲ್ಯಾಟಿನ್ ಧಾತುವಿನಿಂದಲೇ ಬಂದುದು. ಸಂಸ್ಕೃತದ ‘ಸರ್ಪ’ವೂ ಲ್ಯಾಟಿನ್ ಭಾಷೆಯ ‘ಸರ್ಪೆನ್ಸ್’ ಎಂಬುದೂ ಒಂದೇ ಮೂಲದ ಸೋದರಶಬ್ದಗಳು. ಹೀಗೆ ಪೂರ್ವದವರೂ ಪಶ್ಚಿಮದವರೂ ಈ ಜೀವಿಗಳನ್ನು ಅವುಗಳ ನಡಿಗೆಯಿಂದಲೇ ಗುರುತಿಸಿದರು.

ಶಬ್ದವು ಹಾವಿಗೆ ಹೊಂದಿದಷ್ಟು ಮಿಕ್ಕ ಸರೀಸೃಪಗಳಿಗೆ ಹೊಂದುವುದಿಲ್ಲ. ನಡಿಗೆಯನ್ನೇ ಲಕ್ಷಣವೆಂದು ಹಿಡಿದರೆ ಎರಡು ದೋಷಗಳು ಒಮ್ಮೆಗೇ ತಲೆದೋರುತ್ತವೆ. ಗೋವಿಗೆ ‘ಕೊಂಬುಳ್ಳದ್ದು’ ಎಂದು ಲಕ್ಷಣ ಹೇಳಿದರೆ ಅದು ಎಮ್ಮೆಗೂ ಸಲ್ಲುವುದರಿಂದ ಅತಿವ್ಯಾಪ್ತಿ. ‘ಕಪಿಲವರ್ಣದ್ದು’ ಎಂದರೆ ಬಿಳಿಯ ಗೋವಿಗೆ ಸಲ್ಲದಿರುವುದರಿಂದ ಅವ್ಯಾಪ್ತಿ. ಇಲ್ಲಿಯೂ ಹಾಗೆಯೇ. ಎರೆಹುಳು ತೆವಳುತ್ತದೆ; ಅದಕ್ಕೆ ಬೆನ್ನೆಲುಬೇ ಇಲ್ಲ. ಹಾವುಮೀನು ಹಾವಿನಂತೆಯೇ ಬಳುಕುತ್ತದೆ. ಅದು ಕಿವಿರಿನಿಂದ ಉಸಿರಾಡುವ ಮೀನು. ಪಶ್ಚಿಮ ಘಟ್ಟದ ತೇವದ ಮಣ್ಣಿನಲ್ಲಿ ವಾಸಿಸುವ ಸಿಸಿಲಿಯನ್ ಎಂಬ ಪ್ರಾಣಿಗೆ ಕಾಲುಗಳಿಲ್ಲ, ನೋಡುವುದಕ್ಕೆ ದೊಡ್ಡ ಎರೆಹುಳುವಿನಂತೆಯೋ ಮರಿಹಾವಿನಂತೆಯೋ ಕಾಣುತ್ತದೆ. ಅದು ಕಪ್ಪೆಯ ಬಂಧು. ಇದು ಅತಿವ್ಯಾಪ್ತಿ. ಇನ್ನು ಮೊಸಳೆಯು ಹೊಟ್ಟೆಯನ್ನು ನೆಲದಿಂದ ಮೇಲಕ್ಕೆತ್ತಿ ನಾಲ್ಕು ಕಾಲುಗಳಿಂದ ನಡೆಯಬಲ್ಲದು, ಕಡಲಾಮೆ ಈಜುತ್ತದೆ, ಮಲೆನಾಡಿನ ಅಡಕೆ ತೋಟಗಳ ಹಾರುವ ಓತಿಯು ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲಿಹೋಗುತ್ತದೆ. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಅನ್ವೇಷಣೆಗೆ ವಸ್ತುವಾದ ಪ್ರಾಣಿ ಇದೇ. ಇವು ಸರೀಸೃಪಗಳೇ ಆಗಿದ್ದರೂ ಡೊಂಕಾಗಿ ತೆವಳುವುದೇ ಇವುಗಳ ನಡಿಗೆಯಲ್ಲ. ಇದು ಅವ್ಯಾಪ್ತಿ.

ಇಂತಹ ತೊಡಕು ಪ್ರಾಚೀನರಿಗೆ ಮಾತ್ರ ಒದಗಿದುದಲ್ಲ. ಜೀವಿಗಳ ವರ್ಗೀಕರಣಕ್ಕೆ ತಳಹದಿ ಹಾಕಿದ ಸ್ವೀಡನ್ ದೇಶದ ಲಿನೇಯಸ್ ಮಹಾಶಯನೂ 1758ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಪ್ಪೆ, ಹಾವು, ಹಲ್ಲಿಗಳನ್ನು ಒಂದೇ ವರ್ಗದಲ್ಲಿ ಸೇರಿಸಿದ್ದನು. ಕಪ್ಪೆಗಳ ಗುಂಪು ಬೇರೆ, ಹಾವು ಹಲ್ಲಿಗಳ ಗುಂಪು ಬೇರೆ ಎಂಬುದು ವಿದ್ವಾಂಸರಲ್ಲಿ ಸ್ಥಿರಪಟ್ಟುದು ಹತ್ತೊಂಬತ್ತನೆಯ ಶತಮಾನದಲ್ಲಿ.

ಲಕ್ಷಣ: ಐದು ಗುರುತುಗಳು

ಹಾಗಾದರೆ ಸರೀಸೃಪದ ಲಕ್ಷಣವೇನು? ಒಂದೇ ಗುರುತು ಸಾಲದು. ಐದು ಗುರುತುಗಳನ್ನು ಒಟ್ಟಾಗಿ ಹಿಡಿಯಬೇಕು.

ಮೊದಲನೆಯದು ಬೆನ್ನೆಲುಬು. ಹಾವಿನಲ್ಲಿ ಕೈಕಾಲುಗಳಿಲ್ಲದಿದ್ದರೂ ಬೆನ್ನೆಲುಬಿನ ಮಣಿಗಳು ನೂರಾರು. ಅವುಗಳ ಹೆಣಿಗೆಯಿಂದಲೇ ಆ ಬಳುಕು ಸಾಧ್ಯವಾಗಿದೆ.

ಎರಡನೆಯದು ಒಣ ಹುರುಪೆಗಳ ಹೊದಿಕೆ. ಈ ಹುರುಪೆಗಳು ಮನುಷ್ಯನ ಉಗುರಿನಂತೆ ಕೆರಾಟಿನ್ ಎಂಬ ದ್ರವ್ಯದಿಂದಾದವು. ಹಾವನ್ನು ಮುಟ್ಟಿದರೆ ಲೋಳೆಯಾಗಿ ಅಂಟುವುದೆಂಬ ಭಾವನೆ ತಪ್ಪು. ಅದರ ಮೈ ಒಣಗಿದ್ದು ನುಣುಪಾಗಿರುತ್ತದೆ. ಒಳಗಿನ ನೀರು ಹೊರಗೆ ಆವಿಯಾಗಿ ಹೋಗದಂತೆ ತಡೆಯುವುದೇ ಈ ಕವಚದ ಮುಖ್ಯ ಕೆಲಸ. ಮರುಭೂಮಿಯಲ್ಲಿಯೂ ಹಾವು, ಓತಿಗಳು ಬದುಕಬಲ್ಲವಾದುದು ಇದರ ಬಲದಿಂದ.

ಮೂರನೆಯದು ಹುಟ್ಟಿದಂದಿನಿಂದಲೂ ಶ್ವಾಸಕೋಶದ ಉಸಿರಾಟ. ಕಡಲಿನಲ್ಲಿಯೇ ಬಾಳುವ ಆಮೆ ಕೂಡ ಉಸಿರಿಗಾಗಿ ನೀರಿನ ಮೇಲಕ್ಕೆ ಬರಲೇಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮಹತ್ತ್ವದ್ದು, ಮೊಟ್ಟೆ. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ. ತೇವ ಆರಿದರೆ ಅದು ಕೆಡುತ್ತದೆ. ಸರೀಸೃಪದ ಮೊಟ್ಟೆಗೆ ಚಿಪ್ಪುಂಟು, ಚಿಪ್ಪಿನೊಳಗೆ ಪೊರೆಗಳುಂಟು, ಪೊರೆಯೊಳಗಿನ ದ್ರವದಲ್ಲಿ ಭ್ರೂಣ ತೇಲುತ್ತದೆ. ಭ್ರೂಣವನ್ನು ಸುತ್ತುವರಿದ ಈ ಒಳಪೊರೆಗೆ ಉಲ್ಬವೆಂದು ಹೆಸರು. ಕಪ್ಪೆ ತನ್ನ ಸಂತಾನಕ್ಕಾಗಿ ಕೆರೆಯನ್ನು ಹುಡುಕಿಕೊಂಡು ಹೋಗಬೇಕು. ಸರೀಸೃಪವು ಒಂದು ಪುಟ್ಟ ಕೆರೆಯನ್ನೇ ಮೊಟ್ಟೆಯೊಳಗೆ ತುಂಬಿ ಒಣನೆಲದಲ್ಲಿ ಇಡುತ್ತದೆ. 30 ಕೋಟಿ ವರ್ಷಗಳಿಗೂ ಹಿಂದೆ ಈ ಏರ್ಪಾಡು ಸಿದ್ಧಿಸಿದುದರಿಂದಲೇ ಬೆನ್ನೆಲುಬಿನ ಪ್ರಾಣಿಗಳು ನೀರಿನ ಅಂಚನ್ನು ಬಿಟ್ಟು ನೆಲದ ಒಳನಾಡುಗಳನ್ನೆಲ್ಲ ವ್ಯಾಪಿಸಿದವು. ಪಕ್ಷಿಯ ಮೊಟ್ಟೆಯಲ್ಲಿಯೂ, ಸಸ್ತನಿಯ ಗರ್ಭದಲ್ಲಿಯೂ ಇದೇ ಉಲ್ಬವು ಇಂದಿಗೂ ಇದೆ.

ಐದನೆಯದು ಹೊರಗಿನ ಶಾಖದ ಅವಲಂಬನ. ಇವುಗಳನ್ನು ‘ಶೀತರಕ್ತಪ್ರಾಣಿ’ಗಳೆಂದು ಪಾಠಗಳಲ್ಲಿ ಹೇಳುವ ವಾಡಿಕೆಯಿದೆ. ರಕ್ತವು ಸದಾ ತಣ್ಣಗಿರುವುದೆಂದು ಇದಕ್ಕೆ ಅರ್ಥ ಮಾಡಬಾರದು. ಬಿಸಿಲಿನಲ್ಲಿ ಮಲಗಿದ ಓತಿಯ ರಕ್ತವು ಮನುಷ್ಯನ ರಕ್ತದಷ್ಟೇ ಬಿಸಿಯಾಗಿರಬಹುದು. ಮೈಯ ಶಾಖವನ್ನು ಆಹಾರದಿಂದ ಒಳಗೇ ಉತ್ಪಾದಿಸಿಕೊಂಡು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಶಕ್ತಿ ಇವಕ್ಕಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ರಂಗನತಿಟ್ಟಿನ ಬಂಡೆಗಳ ಮೇಲೆ ಮೊಸಳೆ ಬೆಳಗಿನ ಬಿಸಿಲಿಗೆ ಮೈಯೊಡ್ಡುವುದು ಸೋಮಾರಿತನದಿಂದಲ್ಲ. ಅದು ಅದರ ಒಲೆ. ಆಹಾರವನ್ನು ಶಾಖಕ್ಕಾಗಿ ವ್ಯಯಿಸದೆ ಇರುವುದರಿಂದ ಇವುಗಳ ಹೊಟ್ಟೆಗೆ ಬೇಕಾದುದು ಬಹಳ ಕಡಿಮೆ. ದೊಡ್ಡ ಹಾವೊಂದು ಒಮ್ಮೆ ತಿಂದರೆ ತಿಂಗಳುಗಟ್ಟಲೆ ಸುಮ್ಮನಿರಬಲ್ಲದು.

ಪರೀಕ್ಷೆ: ಇತರ ವರ್ಗಗಳೊಡನೆ ಹೋಲಿಕೆ

ಈ ಐದು ಗುರುತುಗಳನ್ನು ಬೆನ್ನೆಲುಬುಳ್ಳ ಇತರ ಪ್ರಾಣಿಗಳ ಮೇಲೆ ಇಟ್ಟು ನೋಡಬೇಕು. ಮೀನಿಗೂ ಹುರುಪೆಗಳಿವೆ, ಆದರೆ ಅದಕ್ಕೆ ಕಿವಿರುಗಳಿವೆ, ಅದರ ಮೊಟ್ಟೆಗೆ ಉಲ್ಬವಿಲ್ಲ. ಕಪ್ಪೆ ಮೊದಲಾದ ಉಭಯಚರಗಳೂ ಹೊರಗಿನ ಶಾಖವನ್ನು ಅವಲಂಬಿಸಿದವೇ. ಆದರೆ ಅವುಗಳ ಚರ್ಮಕ್ಕೆ ಹುರುಪೆಯ ಕವಚವಿಲ್ಲ, ಅದು ತೇವವಾಗಿದ್ದು ಉಸಿರಾಟಕ್ಕೂ ನೆರವಾಗುತ್ತದೆ. ಸಾಮಾನ್ಯವಾಗಿ ಕಪ್ಪೆಯ ಮರಿ ಗೊದಮೊಟ್ಟೆಯಾಗಿ ಹುಟ್ಟಿ, ಕಿವಿರಿನಿಂದ ಉಸಿರಾಡಿ, ಆಮೇಲೆ ರೂಪಾಂತರ ಹೊಂದುತ್ತದೆ. ಹಲ್ಲಿಯ ಮರಿಯಾದರೋ ಮೊಟ್ಟೆಯಿಂದ ಹೊರಬಿದ್ದ ಕ್ಷಣದಲ್ಲಿಯೇ ಹಲ್ಲಿಯ ಪೂರ್ಣರೂಪದಲ್ಲಿರುತ್ತದೆ. ಸಸ್ತನಿಗೆ ಕೂದಲುಂಟು, ಮೊಲೆಹಾಲುಂಟು, ಮೈಯೊಳಗಿನ ಶಾಖವುಂಟು.

ಪಕ್ಷಿಯ ವಿಷಯದಲ್ಲಿ ಮಾತ್ರ ಪರೀಕ್ಷಕನು ತುಸು ನಿಲ್ಲಬೇಕಾಗುತ್ತದೆ. ಕೋಳಿಯ ಕಾಲನ್ನು ನೋಡಿದರೆ ಅಲ್ಲಿ ಹುರುಪೆಗಳೇ ಇವೆ, ಮೊಟ್ಟೆಯೂ ಚಿಪ್ಪುಳ್ಳದ್ದೇ. ಗರಿ ಮತ್ತು ಒಳಶಾಖ ಇವೆರಡೇ ಹೊರನೋಟದ ದೊಡ್ಡ ಭೇದಗಳು. ಇದು ಆಕಸ್ಮಿಕವಲ್ಲ. 6.6 ಕೋಟಿ ವರ್ಷಗಳ ಹಿಂದೆ ಅಳಿದ ಡೈನೊಸಾರ್‌ಗಳು ಸರೀಸೃಪಗಳೇ. ಅವುಗಳ ಒಂದು ಕವಲೇ ಇಂದಿನ ಪಕ್ಷಿಕುಲವೆಂದು ವಿಜ್ಞಾನವು ಈಗ ನಿಶ್ಚಯಿಸಿದೆ. ವಂಶದ ದೃಷ್ಟಿಯಿಂದ ಮೊಸಳೆಯು ಹಲ್ಲಿಗಿಂತಲೂ ಪಕ್ಷಿಗೇ ಹತ್ತಿರದ ಬಂಧು. ಮೊಸಳೆಯ ಹೃದಯದಲ್ಲಿ ಪಕ್ಷಿಯ ಹೃದಯದಲ್ಲಿರುವಂತೆ ನಾಲ್ಕು ಕೋಣೆಗಳಿವೆ. ಮಿಕ್ಕ ಸರೀಸೃಪಗಳಲ್ಲಿ ಮೂರು. ಹಾವನ್ನೂ ಹಕ್ಕಿಯನ್ನೂ ‘ಅಂಡಜ’ವೆಂದು ಒಂದೇ ಮಾತಿನಿಂದ ಕರೆದ ಪೂರ್ವಿಕರ ನೋಟವು ಈ ಮಟ್ಟಿಗೆ ಸಾರ್ಥಕವಾಯಿತು.

ನಿಯಮಕ್ಕೆ ಅಪವಾದಗಳೂ ಇವೆ. ಕೊಳಕುಮಂಡಲವು ಮೊಟ್ಟೆಯನ್ನು ಹೊರಗಿಡದೆ ಮರಿಗಳನ್ನೇ ಈಯುತ್ತದೆ. ಹೆಬ್ಬಾವು ಮೊಟ್ಟೆಗಳ ಸುತ್ತ ಸುರುಳಿಯಾಗಿ ಸುತ್ತಿಕೊಂಡು, ಮೈಯ ಸ್ನಾಯುಗಳನ್ನು ಅದುರಿಸಿ ಶಾಖ ಹುಟ್ಟಿಸಿ ಕಾವು ಕೊಡಬಲ್ಲದು. ಐದು ಗುರುತುಗಳನ್ನು ಕೂಡಿಸಿಯೇ ನೋಡಬೇಕೆಂಬುದಕ್ಕೆ ಇವೇ ಕಾರಣ.

ನಾಲ್ಕು ಗಣಗಳು

ಇಂದು ಜಗತ್ತಿನಲ್ಲಿ ಗುರುತಿಸಲ್ಪಟ್ಟಿರುವ ಸರೀಸೃಪ ಜಾತಿಗಳು ಸುಮಾರು 12,000. ಇವು ನಾಲ್ಕು ಗಣಗಳಾಗಿವೆ. ಹಲ್ಲಿ, ಓತಿಕ್ಯಾತ, ಗೋಸುಂಬೆ, ಹಾವುರಾಣಿ, ಉಡ ಮತ್ತು ಸಮಸ್ತ ಹಾವುಗಳು ಸೇರಿದುದು ಮೊದಲನೆಯ ಗಣ. ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕ ಜಾತಿಗಳು ಇದರಲ್ಲಿಯೇ ಅಡಗಿವೆ. ಎರಡನೆಯದು ಆಮೆಗಳ ಗಣ. ಆಮೆಯ ಚಿಪ್ಪು ಬಸವನಹುಳುವಿನ ಚಿಪ್ಪಿನಂತಹುದಲ್ಲ. ಅದರ ಬೆನ್ನೆಲುಬು, ಪಕ್ಕೆಲುಬುಗಳೇ ಹರಡಿ ಬೆಸೆದು ಆದುದು. ಆದಕಾರಣ ಆಮೆಯು ಚಿಪ್ಪನ್ನು ಕಳಚಿ ಹೊರಬರಲಾರದು. ಮೂರನೆಯದು ಮೊಸಳೆಗಳ ಗಣ. ಭಾರತದಲ್ಲಿ ಸಿಹಿನೀರಿನ ಮೊಸಳೆ, ಉಪ್ಪುನೀರಿನ ಮೊಸಳೆ, ಉದ್ದಮೂತಿಯ ಘರಿಯಲ್ ಎಂಬ ಮೂರು ಜಾತಿಗಳಿವೆ. ಕಾವೇರಿ, ಕಾಳಿ, ತುಂಗಭದ್ರಾ, ಕೃಷ್ಣಾ ನದಿಗಳಲ್ಲಿರುವುದು ಸಿಹಿನೀರಿನ ಮೊಸಳೆ. ನಾಲ್ಕನೆಯ ಗಣದಲ್ಲಿ ಉಳಿದಿರುವುದು ಟುವಟಾರ ಎಂಬ ಒಂದೇ ಜಾತಿ. ಅದರ ನೆಲೆ ನ್ಯೂಜಿಲೆಂಡ್.

ಬಹುತೇಕ ಮೊಸಳೆ, ಆಮೆಗಳಲ್ಲಿ ಹುಟ್ಟುವ ಮರಿ ಗಂಡೋ ಹೆಣ್ಣೋ ಎಂಬುದು ಗೂಡಿನ ಮರಳಿನ ಶಾಖದಿಂದ ನಿಶ್ಚಯವಾಗುತ್ತದೆ. ಕಡಲಾಮೆಯ ಮೊಟ್ಟೆಗಳಿರುವ ಮರಳು ಹೆಚ್ಚು ಬಿಸಿಯಾದರೆ ಹೆಣ್ಣುಮರಿಗಳೇ ಹೆಚ್ಚು. ಭೂಮಿಯ ಶಾಖವು ಏರುತ್ತಿರುವ ಈ ಕಾಲದಲ್ಲಿ ಇದು ಬರಿಯ ಕುತೂಹಲದ ಸಂಗತಿಯಾಗಿ ಉಳಿದಿಲ್ಲ.

ಹಳೆಯ ಹೆಸರುಗಳ ತಥ್ಯ

ನಡಿಗೆಯಿಂದಾದ ಹೆಸರುಗಳು ವರ್ಗನಿರ್ಣಯಕ್ಕೆ ಸಾಲವಾದರೂ, ಹಾವಿಗೆ ಕೋಶಕಾರರು ಕೂಡಿಹಾಕಿದ ಬೇರೆ ಕೆಲವು ಹೆಸರುಗಳು ವಿಚಾರಾರ್ಹವಾಗಿವೆ. ‘ಗೂಢಪಾತ್’, ಅಂದರೆ ಅಡಗಿದ ಕಾಲುಳ್ಳದ್ದು ಎಂಬ ಹೆಸರನ್ನು ನೋಡಬಹುದು. ಹೆಬ್ಬಾವಿನ ಮೈಯ ಹಿಂಭಾಗದಲ್ಲಿ ಎರಡು ಪಕ್ಕಕ್ಕೂ ಮುಳ್ಳಿನಂತಹ ಪುಟ್ಟ ಉಗುರುಗಳಿವೆ. ಒಳಗೆ ಹಿಂಗಾಲಿನ ಎಲುಬಿನ ಅವಶೇಷವಿದೆ. ಹಾವುಗಳ ಪೂರ್ವಜರು ಕಾಲುಳ್ಳವಾಗಿದ್ದುವೆಂಬುದಕ್ಕೆ ಅದೇ ಸಾಕ್ಷಿ. ‘ಪವನಾಶನ’, ಅಂದರೆ ಗಾಳಿಯನ್ನುಂಡು ಬಾಳುವುದು ಎಂಬ ಹೆಸರು ಅಕ್ಷರಶಃ ನಿಜವಲ್ಲ. ಆದರೆ ಬಹುದಿನ ಉಪವಾಸವಿರಬಲ್ಲ ಅದರ ಶಕ್ತಿಯನ್ನು ಕಂಡವರೇ ಆ ಹೆಸರನ್ನು ಇಟ್ಟಿರಬೇಕು. ‘ಚಕ್ಷುಃಶ್ರವಸ್’, ಅಂದರೆ ಕಣ್ಣಿನಿಂದ ಕೇಳುವುದು ಎಂಬ ಹೆಸರಿನಲ್ಲಿ ಅರ್ಧ ಸತ್ಯವಿದೆ. ಹಾವಿಗೆ ಹೊರಕಿವಿಯಿಲ್ಲ, ಕಿವಿದೆರೆಯಿಲ್ಲ; ಒಳಕಿವಿಯುಂಟು. ನೆಲದ ಅದುರು ದವಡೆಯ ಎಲುಬಿನ ಮೂಲಕ ಅಲ್ಲಿಗೆ ಮುಟ್ಟುತ್ತದೆ. ಪುಂಗಿಯ ಮುಂದೆ ನಾಗರಹಾವು ತೂಗುವುದು ರಾಗಕ್ಕೆ ಮರುಳಾಗಿ ಅಲ್ಲ. ಆಡುತ್ತಿರುವ ಪುಂಗಿಯನ್ನು ಅದು ಕಣ್ಣಿನಿಂದ ಹಿಂಬಾಲಿಸುತ್ತಿರುತ್ತದೆ. ‘ದ್ವಿಜಿಹ್ವ’ವೆಂಬ ಹೆಸರಿಗೆ ಕಾರಣವಾದ ಸೀಳುನಾಲಿಗೆ ಕಡಿಯುವ ಆಯುಧವಲ್ಲ. ಗಾಳಿಯಲ್ಲಿನ ಗಂಧದ ಕಣಗಳನ್ನು ಹಿಡಿದು ಬಾಯಿಯ ಅಂಗುಳಿನಲ್ಲಿರುವ ವಿಶೇಷ ಇಂದ್ರಿಯಕ್ಕೆ ಒಪ್ಪಿಸುವುದು ಅದರ ಕೆಲಸ.

ಕನ್ನಡದ ಜನಪದರು ಇಟ್ಟ ಹೆಸರೊಂದಕ್ಕೆ ಈಚೆಗೆ ಲೋಕಮನ್ನಣೆಯೂ ದೊರೆಯಿತು. ಆಗುಂಬೆಯೇ ಮೊದಲಾದ ಮಳೆಕಾಡುಗಳ ಕಾಳಿಂಗಸರ್ಪವು ಎಲೆ ತರಗುಗಳನ್ನು ಕೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುವ ವಿಲಕ್ಷಣ ಹಾವು. ಬೇರೆ ಹಾವುಗಳೇ ಅದರ ಮುಖ್ಯ ಆಹಾರ. ಏಷ್ಯದ ಕಾಳಿಂಗಗಳೆಲ್ಲ ಒಂದೇ ಜಾತಿಯೆಂದು ಬಹುಕಾಲ ಎಣಿಸಲಾಗಿತ್ತು. ಅವು ನಾಲ್ಕು ಜಾತಿಗಳೆಂದು ಪಿ. ಗೌರಿ ಶಂಕರ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದರು. ಪಶ್ಚಿಮ ಘಟ್ಟದ ಜಾತಿಗೆ ಅವರು ಇಟ್ಟ ಶಾಸ್ತ್ರೀಯ ನಾಮ ‘ಒಫಿಯೋಫೇಗಸ್ ಕಾಳಿಂಗ’. ಹೀಗೆ ಮಲೆನಾಡಿನ ಮಾತೊಂದು ಜಗತ್ತಿನ ವಿಜ್ಞಾನಗ್ರಂಥಗಳನ್ನು ಸೇರಿತು.

ಜೀವದ ಪ್ರಶ್ನೆ

‘ಹಾವೆಂದರೆ ವಿಷ’ ಎಂಬುದು ಲೋಕರೂಢಿಯ ಇನ್ನೊಂದು ಲಕ್ಷಣ. ಇದರಂತಹ ಅಪಾಯಕರವಾದ ದೋಷಯುಕ್ತ ಲಕ್ಷಣ ಮತ್ತೊಂದಿಲ್ಲ. ಭಾರತದಲ್ಲಿರುವ 300ಕ್ಕೂ ಹೆಚ್ಚಿನ ಹಾವಿನ ಜಾತಿಗಳಲ್ಲಿ ಬಹುಪಾಲು ಮನುಷ್ಯನಿಗೆ ವಿಷದ ಅಪಾಯವಿಲ್ಲದವು. ಹೊಲದ ಇಲಿಗಳನ್ನು ತಿಂದು ರೈತನ ಕಣಜವನ್ನು ಕಾಯುವ ಕೇರೆಹಾವು ನಿರ್ವಿಷ. ಮಣ್ಣುಮುಕ್ಕ ಹಾವು ನಿರ್ವಿಷ. ಕಂಡಲ್ಲಿ ಕೊಲ್ಲಲ್ಪಡುವ ಹಾವುರಾಣಿಯು ಹಾವೇ ಅಲ್ಲ, ನಿರುಪದ್ರವಿಯಾದ ಹಲ್ಲಿಯ ಬಂಧು. ಕಲ್ಲಿನಲ್ಲಿ ಕೆತ್ತಿದ ನಾಗನನ್ನು ಪೂಜಿಸುವ ಕೈಯೇ ಜೀವಂತ ನಾಗನ ಮೇಲೆ ಕೋಲನ್ನೆತ್ತುವ ವಿಪರೀತವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ ತೋರಿದ್ದಾರೆ. ಹಾಲು ಸಸ್ತನಿಯ ಆಹಾರ. ಹಾವಿನ ಸಹಜವಾದ ಆಹಾರವೇ ಅಲ್ಲ. ಬಲವಂತವಾಗಿ ಕುಡಿಸಿದ ಹಾಲು ಅದಕ್ಕೆ ಕೇಡನ್ನೇ ಉಂಟುಮಾಡುತ್ತದೆ.

ಆದರೂ ಭಯಕ್ಕೆ ಕಾರಣವಿಲ್ಲವೆಂದು ಹೇಳುವಂತಿಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಮೃತರಾದವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಈ ಮರಣಗಳಲ್ಲಿ ಬಹುಪಾಲಿಗೆ ಕಾರಣವಾದವು ನಾಲ್ಕು ಹಾವುಗಳು. ಹೆಡೆಯುಳ್ಳ ನಾಗರಹಾವು ಒಂದು. ಕರಿಯ ಮೈಮೇಲೆ ತೆಳುವಾದ ಬಿಳಿಯ ಪಟ್ಟೆಗಳುಳ್ಳ ಕಟ್ಟುಹಾವು ಇನ್ನೊಂದು. ಇದಕ್ಕೆ ಕಡಂಬಳವೆಂದೂ ಹೆಸರು. ಬೆನ್ನಿನ ಮೇಲೆ ಸರಪಳಿಯಂತೆ ಅಂಡಾಕಾರದ ಮಚ್ಚೆಗಳಿದ್ದು ಜೋರಾಗಿ ಬುಸುಗುಟ್ಟುವ ಕೊಳಕುಮಂಡಲ ಮೂರನೆಯದು. ಹುರುಪೆಗಳನ್ನು ಉಜ್ಜಿ ಗರಗಸದ ಸದ್ದು ಮಾಡುವ ಗಿಡ್ಡನೆಯ ಗರಗಸ ಮಂಡಲ ನಾಲ್ಕನೆಯದು. ನಾಗರ ಮತ್ತು ಕಟ್ಟುಹಾವುಗಳ ವಿಷವು ನರಗಳನ್ನು ಹಿಡಿದು ಉಸಿರನ್ನು ನಿಲ್ಲಿಸುತ್ತದೆ. ಮಂಡಲಗಳ ವಿಷವು ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಕಟ್ಟುಹಾವು ರಾತ್ರಿ ಸಂಚರಿಸುವುದು. ನೆಲದ ಮೇಲೆ ಮಲಗಿದವರನ್ನು ಕಡಿಯುವುದುಂಟು. ಆ ಕಡಿತಕ್ಕೆ ನೋವೇ ಇಲ್ಲದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆಗಳು ಜೋತುಬಿದ್ದಾಗ ಅದನ್ನು ಅಜೀರ್ಣವೆಂದು ಭಾವಿಸಿ ಕಾಲವನ್ನು ಕಳೆದರೆ ಪ್ರಾಣಕ್ಕೇ ಮುಳುವಾಗುತ್ತದೆ.

ವಿಷಕ್ಕೆ ಪ್ರತಿವಿಷವುಂಟು. ಈ ನಾಲ್ಕು ಹಾವುಗಳ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ನಿರೋಧಕ ವಸ್ತುವಿನಿಂದ ಈ ಔಷಧವನ್ನು ಸಿದ್ಧಪಡಿಸುತ್ತಾರೆ. ಅದಕ್ಕೆ ಬೇಕಾದ ವಿಷದ ಬಹುಭಾಗವನ್ನು ಒದಗಿಸುತ್ತ ಬಂದವರು ತಮಿಳುನಾಡಿನ ಇರುಳರು. ಹಿಂದೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಅವರು 1978ರಲ್ಲಿ ಸಹಕಾರ ಸಂಘವನ್ನು ಕಟ್ಟಿಕೊಂಡರು. ನಾಲ್ಕಕ್ಕೂ ಒಂದೇ ಔಷಧವಾದುದರಿಂದ ಕಡಿದ ಹಾವನ್ನು ಹುಡುಕಿ ಕೊಂದು ಆಸ್ಪತ್ರೆಗೆ ಒಯ್ಯಬೇಕಾಗಿಲ್ಲ. ಕಡಿತದ ಜಾಗವನ್ನು ಕೊಯ್ಯಬಾರದು, ಬಾಯಿಯಿಂದ ಹೀರಬಾರದು, ಹಗ್ಗದಿಂದ ಬಿಗಿದು ಕಟ್ಟಬಾರದು, ಮಂತ್ರ ತಂತ್ರಗಳಲ್ಲಿ ಹೊತ್ತನ್ನು ಕಳೆಯಬಾರದು. ಕಡಿಸಿಕೊಂಡವರನ್ನು ನಡೆಸದೆ, ಧೈರ್ಯ ಹೇಳಿ, ಕಡಿದ ಅಂಗವನ್ನು ಅಲುಗದಂತೆ ಇರಿಸಿ, ಪ್ರತಿವಿಷವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯುವುದೊಂದೇ ಮಾರ್ಗ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕಾದ ವಿಷಯವೆಂದು ಘೋಷಿಸಿತು. ಅದೇ ವರ್ಷ ಭಾರತ ಸರ್ಕಾರವು 2030ರ ವೇಳೆಗೆ ಈ ಮರಣಗಳನ್ನು ಅರ್ಧಕ್ಕಿಳಿಸುವ ಕಾರ್ಯಯೋಜನೆಯನ್ನು ಪ್ರಕಟಿಸಿತು.

ಬೋಧಕರ ಪಾಲಿನ ಕೆಲಸ

ಇಂತಹ ಯೋಜನೆಗಳು ಫಲಿಸಬೇಕಾದರೆ ತಿಳಿವಳಿಕೆ ತರಗತಿಯಿಂದ ಮನೆಗೆ ಸಾಗಬೇಕು. ಅದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಶಾಲೆಯ ಗೋಡೆಯ ಮೇಲೆ ಹಲ್ಲಿಯಿದೆ, ಮಳೆಗಾಲದಲ್ಲಿ ಅಂಗಳಕ್ಕೆ ಕಪ್ಪೆ ಬರುತ್ತದೆ. ಇವೆರಡನ್ನೂ ಮುಟ್ಟದೆ ದೂರದಿಂದಲೇ ನೋಡಿ ಹೋಲಿಸುವಂತೆ ಹೇಳಿದರೆ ಸರೀಸೃಪಕ್ಕೂ ಉಭಯಚರಕ್ಕೂ ಇರುವ ಭೇದವನ್ನು ಮಕ್ಕಳು ತಾವಾಗಿಯೇ ಹೇಳಿಯಾರು. ಬೇಲಿಯಲ್ಲಿ ಸಿಕ್ಕಿದ ಹಾವಿನ ಪೊರೆಯೊಂದನ್ನು ಗುರುಗಳು ತಂದು ತೋರಿಸಿದರೆ ಹುರುಪೆಯ ಜೋಡಣೆಯೂ, ಕಣ್ಣಿಗೆ ರೆಪ್ಪೆಯಿಲ್ಲದೆ ಪಾರದರ್ಶಕವಾದ ಹೊದಿಕೆಯಿರುವುದೂ ಸ್ಪಷ್ಟವಾಗಿ ಕಾಣುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಹಾವು, ಉಡ, ಆಮೆ, ಮೊಸಳೆಗಳನ್ನು ಕೊಲ್ಲುವುದೂ ಹಿಡಿದಿಡುವುದೂ ಅಪರಾಧವೆಂಬುದನ್ನು ಪಾಠದೊಡನೆಯೇ ತಿಳಿಸಬೇಕು.

ಐದು ಲಕ್ಷಣಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಬೋಧನೆ ಮುಗಿಯುವುದಿಲ್ಲ. ಆ ಪಾಠವನ್ನು ಕಲಿತ ಹುಡುಗಿಯೊಬ್ಬಳು ಸಂಜೆ ಮನೆಗೆ ಹೋಗಿ, ಕತ್ತಲೆಯಲ್ಲಿ ಹೊಲಕ್ಕೆ ಹೊರಟ ತಂದೆಯ ಕೈಗೆ ಟಾರ್ಚನ್ನು ಕೊಟ್ಟು, ಕಾಲಿಗೆ ಪಾದರಕ್ಷೆಯನ್ನು ಮೆಟ್ಟಿಕೊಳ್ಳುವಂತೆ ಹೇಳಬೇಕು. ನೆಲದ ಮೇಲೆ ಮಲಗುವ ಅಜ್ಜಿಗೆ ಮಂಚವನ್ನೂ ಸೊಳ್ಳೆಪರದೆಯನ್ನೂ ಅಣಿಮಾಡಿಸಬೇಕು. ಹಿತ್ತಲಲ್ಲಿ ಹರಿದ ಕೇರೆಹಾವಿನ ಮೇಲೆ ಅಣ್ಣನೆತ್ತಿದ ಕೋಲನ್ನು ತಡೆಯಬೇಕು. ಅಂದು ಅವಳಿಗೆ ಕಲಿಸಿದ ಗುರುಗಳ ಶ್ರಮ ಸಾರ್ಥಕವಾಗುತ್ತದೆ.